ಅಪ್ಪನ ಹಳೇ ಸ್ವಿಫ್ಟ್‌ಗೆ ಹೊಸ ಹುರುಪು ಕೊಡಬೇಕು, ಎಲ್ಲಿಂದ ಶುರು ಮಾಡಲಿ?

ತಿಪಟೂರು_ಹುಡುಗ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನ್ನದು 2013ರ ಮಾರುತಿ ಸ್ವಿಫ್ಟ್, ನಡುವಿನ ವೇರಿಯಂಟ್ ವಿಎಕ್ಸ್ಐ, ಪೆಟ್ರೋಲ್. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು) ಇಲ್ಲ, ಏರ್‌ಬ್ಯಾಗ್ ಇಲ್ಲ. ಅಪ್ಪ ಕೊಂಡ ಕಾರು. ಧರ್ಮಸ್ಥಳ, ಶೃಂಗೇರಿ, ಅಕ್ಕನ ಮದುವೆ ಓಡಾಟ, ಎಲ್ಲಾ ಇದರಲ್ಲೇ. ಅಪ್ಪನಿಗೆ ಈಗ ರಾತ್ರಿ ಹೊತ್ತು ಎದುರಿನ ಲೈಟ್ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಹೋದ ಯುಗಾದಿಗೆ ಕೀ ನನ್ನ ಕೈಗೆ ಕೊಟ್ಟರು.

94,000 ಕಿ.ಮೀ. ಓಡಿದೆ. ದಿನಾ ಯಲಹಂಕದಿಂದ ವೈಟ್‌ಫೀಲ್ಡ್‌ಗೆ ಹೋಗಿ ಬರುತ್ತೇನೆ. ಎರಡು ವಾರಕ್ಕೊಮ್ಮೆ ಊರಿಗೆ. ಮಾರುವ ಮಾತೇ ಇಲ್ಲ. ಆದರೆ ನೋಡಲು ಸಪ್ಪೆಯಾಗಿದೆ, ಪಿಕಪ್ ಕೂಡ ಮೊದಲಿನಂತಿಲ್ಲ ಅನಿಸುತ್ತದೆ.

ಮನಸ್ಸಿನಲ್ಲಿರುವುದು ಇಷ್ಟು: 17 ಇಂಚಿನ ಅಲಾಯ್ ಚಕ್ರ, ಕಾರು ಕೆಳಗಿಳಿಸುವ ಸ್ಪ್ರಿಂಗ್, ಹೊಗೆ ಸಲೀಸಾಗಿ ಬಿಡುವ ಫ್ರೀ ಫ್ಲೋ ಸೈಲೆನ್ಸರ್, ಬೇರೆ ಏರ್ ಫಿಲ್ಟರ್, ರಿಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾಯಿಸುವುದು), ಎಲ್‌ಇಡಿ ಹೆಡ್‌ಲೈಟ್, ಕಪ್ಪು ರೂಫ್. ಒಟ್ಟು 1.2 ಲಕ್ಷ ಎತ್ತಿಟ್ಟಿದ್ದೇನೆ. ಯಾವುದು ಮೊದಲು? ಯಾವುದು ಬೇಡ? ಬಿಡಿಸಿ ಹೇಳಿ.

ಗ್ಯಾರೇಜ್_ಮಗ (ಹಾಸನ)

ಸಾರ್, ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದೇ ವಾಕ್ಯ: "ಪಿಕಪ್ ಮೊದಲಿನಂತಿಲ್ಲ." ಮೊದಲಿನಂತೆ ಇಲ್ಲ ಅಂದರೆ ಏನೋ ಸವೆದಿದೆ, ಇಲ್ಲವೇ ಎಲ್ಲೋ ಹಿಡಿದಿದೆ. ಅದನ್ನು ಹುಡುಕದೆ ಮೇಲೆ ಸೈಲೆನ್ಸರ್ ಹಾಕಿದರೆ ದುಡ್ಡು ಹೋಯಿತು ಅಂತಲೇ ಲೆಕ್ಕ.

ಹಾಗಾಗಿ ಒಂದು ಪೈಸೆ ಖರ್ಚು ಮಾಡುವ ಮೊದಲು ಇಷ್ಟು ಮಾಡಿ.

ಇಪ್ಪತ್ತು ಕಿ.ಮೀ. ಓಡಿಸಿ ನಿಲ್ಲಿಸಿ. ನಾಲ್ಕೂ ರಿಮ್ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಹತ್ತು ವರ್ಷ ದಾಟಿದ ಕಾರಿನಲ್ಲಿ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತುವ ಹಿಡಿಕೆ) ಪಿನ್ ಜಾಮ್ ಆಗುವುದು ತುಂಬಾ ಸಾಮಾನ್ಯ. ಬ್ರೇಕ್ ಹಿಡಿದುಕೊಂಡೇ ಓಡುವ ಕಾರಿಗೆ ಪಿಕಪ್ ಎಲ್ಲಿಂದ ಬರಬೇಕು ಹೇಳಿ?

ಆಮೇಲೆ ಬಾನೆಟ್ ಮೂಲೆಯನ್ನು ಜೋರಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಶಾಕ್ ಅಬ್ಸಾರ್ಬರ್ ಚೆನ್ನಾಗಿದೆ. ಎರಡು ಮೂರು ಸಲ ಕುಣಿದರೆ ಮುಗಿದಿದೆ. ಶಾಕ್ ಮೇಲೆ ಎಣ್ಣೆ ಕಂಡರೂ ಅಷ್ಟೇ. ಹಂಪ್ ದಾಟುವಾಗ ಮುಂದೆ ಟಕ್ ಟಕ್ ಸದ್ದು ಬಂದರೆ ಲಿಂಕ್ ರಾಡ್ ಅಥವಾ ಲೋವರ್ ಆರ್ಮ್ ಬುಷ್ ಸವೆದಿದೆ, ಎರಡೂ ಸಸ್ಪೆನ್ಷನ್ ಭಾಗ. ಗೇರ್ ಹಾಕಿ ಬಿಡುವಾಗ ಇಡೀ ಕಾರು ಜರ್ಕ್ ಹೊಡೆದರೆ ಎಂಜಿನ್ ಹಿಡಿದಿಡುವ ರಬ್ಬರ್, ಅಂದರೆ ಎಂಜಿನ್ ಮೌಂಟ್.

ಸ್ಪಾರ್ಕ್ ಪ್ಲಗ್ ಯಾವಾಗ ಬದಲಾಯಿಸಿದ್ದು, ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು, ಟೈರ್ ಯಾವ ವರ್ಷದ್ದು? ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂತಿದ್ದರೆ 2018ರ 23ನೇ ವಾರದ ಟೈರ್. ಇದನ್ನೆಲ್ಲ ನೋಡಿ ಬಂದು ಹೇಳಿ. ಆಮೇಲೆ ಅಲಾಯ್ ಮಾತಾಡೋಣ.

ಜೆಸಿ_ರಸ್ತೆ_ಸುತ್ತಾಟ (ಬೆಂಗಳೂರು)

ಗ್ಯಾರೇಜ್ ಅಣ್ಣ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಚಂದ ಕಾಣಬೇಕು ಅನ್ನುವ ಆಸೆಯನ್ನು ಸಣ್ಣದು ಅಂತ ಯಾರೂ ತಳ್ಳಿಹಾಕಬೇಡಿ. ಬೆಳಿಗ್ಗೆ ಪಾರ್ಕಿಂಗ್‌ಗೆ ಇಳಿದಾಗ ನಮ್ಮ ಕಾರನ್ನು ಒಮ್ಮೆ ತಿರುಗಿ ನೋಡಬೇಕು ಅನಿಸಬೇಕು. ಆ ಖುಷಿ ಇದ್ದವರೇ ಕಾರನ್ನು ಚೆನ್ನಾಗಿ ನೋಡಿಕೊಳ್ಳುವುದು.

ನಾನು ಹದಿನೈದು ವರ್ಷದಿಂದ ಕಾರಿನ ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆ ಸುತ್ತುತ್ತಿದ್ದೇನೆ. ನನ್ನದು 2008ರ ಸ್ವಿಫ್ಟ್, ಎಸ್ಟೀಮ್‌ನಲ್ಲಿ ಬರುತ್ತಿತ್ತಲ್ಲ, ಅದೇ ಕುಟುಂಬದ 1.3 ಎಂಜಿನ್. 17 ಇಂಚು ಹಾಕಿ ನಾಲ್ಕು ವರ್ಷ ಓಡಿಸಿದ್ದೇನೆ. ಸ್ವಿಫ್ಟ್‌ನ ಅಗಲ ಭುಜಕ್ಕೆ ದೊಡ್ಡ ಚಕ್ರ ಎಷ್ಟು ಒಪ್ಪುತ್ತದೆ ಅಂದರೆ, ಅದನ್ನು ಕಣ್ಣಾರೆ ನೋಡಬೇಕು.

ಅಳತೆಪಟ್ಟಿ (ಮೈಸೂರು)

ಸುತ್ತಾಟ ಅವರೇ, ನಿಮ್ಮ ಖುಷಿಗೆ ನನ್ನ ಪೂರ್ತಿ ಬೆಂಬಲ ಇದೆ. ಚಕ್ರದ ಲೆಕ್ಕ ಮಾತ್ರ ಒಮ್ಮೆ ಮುಂದಿಡುತ್ತೇನೆ. ತಿಪಟೂರಿನವರು ನೋಡಿ ತೀರ್ಮಾನ ಮಾಡಲಿ.

ವಿಎಕ್ಸ್ಐ ಕಾರಿಗೆ ಕಂಪನಿ ಟೈರ್ 165/80 ಆರ್14. ಅಗಲ 165 ಮಿ.ಮೀ., ಪಕ್ಕದ ಎತ್ತರ ಅದರ ಶೇ. 80, ಅಂದರೆ 132 ಮಿ.ಮೀ. ರಿಮ್ 14 ಇಂಚು, 355.6 ಮಿ.ಮೀ. ಮೇಲೂ ಕೆಳಗೂ 132 ಸೇರಿಸಿದರೆ ಚಕ್ರದ ಒಟ್ಟು ಎತ್ತರ ಸುಮಾರು 620 ಮಿ.ಮೀ.

ಅದೇ ಕಾರಿನ ಮೇಲಿನ ವೇರಿಯಂಟ್ ಝಡ್‌ಎಕ್ಸ್ಐಗೆ ಕಂಪನಿಯೇ ಕೊಡುತ್ತಿದ್ದದ್ದು 185/65 ಆರ್15. ಒಟ್ಟು ಎತ್ತರ 621.5. ಎರಡು ಮಿ.ಮೀ. ಕೂಡ ವ್ಯತ್ಯಾಸ ಇಲ್ಲ.

ಇನ್ನು 17 ಇಂಚು. 205/45 ಆರ್17 ಹಾಕಿದರೆ 616, ಎತ್ತರದ ಲೆಕ್ಕ ಸರಿ. ಆದರೆ ಅಂಗಡಿಯಲ್ಲಿ ಎಷ್ಟೋ ಸಲ ಸ್ಟಾಕ್‌ನಲ್ಲಿದೆ ಅಂತ 205/40 ಕೊಟ್ಟು ಕಳಿಸುತ್ತಾರೆ. ಅದು 596. ಸುಮಾರು ಶೇ. 4 ಚಿಕ್ಕದು. ಮೀಟರ್‌ನಲ್ಲಿ 100 ಕಂಡಾಗ ಕಾರು ಓಡುವುದು 96. ಓಡೋಮೀಟರ್ ಕೂಡ ಹಾಗೇ ಸುಳ್ಳು ಹೇಳುತ್ತದೆ. ಹಳೆ ಅಳತೆಗಿಂತ ಶೇ. 3 ದಾಟಬಾರದು ಅನ್ನುವುದು ಎಲ್ಲರೂ ಪಾಲಿಸುವ ಲೆಕ್ಕ.

ನನಗೆ ಮುಖ್ಯ ಅನಿಸುವುದು ಪಕ್ಕದ ರಬ್ಬರ್. 132 ಇದ್ದದ್ದು 17 ಇಂಚಿನಲ್ಲಿ 92 ಆಗುತ್ತದೆ. ಗುಂಡಿಗೆ ಬಿದ್ದಾಗ ಏಟು ತಿನ್ನಬೇಕಾದದ್ದು ಆ ರಬ್ಬರ್. ಅದು ಕಡಿಮೆಯಾದಷ್ಟೂ ಏಟು ರಿಮ್‌ಗೆ ಹೋಗುತ್ತದೆ. ಕಬ್ಬಿಣದ ರಿಮ್ ಬಗ್ಗಿದರೆ ಬಡಿದು ಸರಿ ಮಾಡಬಹುದು, ಅಲಾಯ್ ಬಿರುಕು ಬಿಡುತ್ತದೆ. ಯಲಹಂಕದಿಂದ ವೈಟ್‌ಫೀಲ್ಡ್ ದಾರಿ ನಿಮಗೇ ಗೊತ್ತು.

ಇನ್ನೊಂದು, ತೂಕ. ಚಕ್ರ ಅನ್ನುವುದು ಸ್ಪ್ರಿಂಗ್‌ನ ಕೆಳಗಿರುವ ತೂಕ. ಅದನ್ನು ಮುಂದಕ್ಕೆ ತಳ್ಳುವುದಷ್ಟೇ ಅಲ್ಲ, ತಿರುಗಿಸಲೂ ಬೇಕು. ಅಗ್ಗದ ದೊಡ್ಡ ಅಲಾಯ್ ಎಷ್ಟೋ ಸಲ ಕಂಪನಿ ಕಬ್ಬಿಣದ ರಿಮ್‌ಗಿಂತ ಭಾರ ಇರುತ್ತದೆ. ಕೊಳ್ಳುವ ಮುಂಚೆ ಎರಡನ್ನೂ ತಕ್ಕಡಿಗೆ ಹಾಕಿಸಿ.

ರಿಮ್ ಕೊಳ್ಳುವಾಗ ಇಷ್ಟು ಬರೆದಿಟ್ಟುಕೊಳ್ಳಿ: ನಾಲ್ಕು ನಟ್, ಪಿಸಿಡಿ (ನಟ್ ತೂತುಗಳು ಕೂರುವ ವೃತ್ತದ ಅಗಲ) 100 ಮಿ.ಮೀ., ನಡುವಿನ ತೂತು 54.1 ಮಿ.ಮೀ. ನಡುವಿನ ತೂತು ದೊಡ್ಡದಿದ್ದರೆ ಸಂದು ತುಂಬುವ ರಿಂಗ್ ಹಾಕಿಸಲೇಬೇಕು. ಇಲ್ಲದಿದ್ದರೆ 80ರ ಮೇಲೆ ಸ್ಟೇರಿಂಗ್ ನಡುಗುತ್ತದೆ. ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ.

ಜೆಸಿ_ರಸ್ತೆ_ಸುತ್ತಾಟ (ಬೆಂಗಳೂರು)

ಇಷ್ಟು ಲೆಕ್ಕ ಹೇಳಿದ ಮೇಲೆ ನಾನೂ ಒಂದು ನಿಜ ಹೇಳಬೇಕು. ಆ ನಾಲ್ಕು ವರ್ಷದಲ್ಲಿ ಎರಡು ರಿಮ್ ಬಿರುಕು ಬಿಟ್ಟವು, ಮೂರು ಟೈರ್ ಪಕ್ಕದಲ್ಲಿ ಊದಿಕೊಂಡವು. ಅಷ್ಟಾದರೂ ನನಗೆ ಬೇಸರ ಇಲ್ಲ, ಅದು ನನ್ನ ವಾರಾಂತ್ಯದ ಕಾರು. ದಿನಾ 60 ಕಿ.ಮೀ. ಓಡುವ ಕಾರಿಗೆ 15 ಇಂಚೇ ಸರಿ. ಝಡ್‌ಎಕ್ಸ್ಐ ಅಲಾಯ್‌ಗಳು ಸೆಕೆಂಡ್ ಹ್ಯಾಂಡ್ ಸಿಗುತ್ತವೆ, ಹುಡುಕಿ. ದೊಡ್ಡದು ಹಾಕಿಸಿಕೊಂಡವರು ಹಳೆಯದನ್ನು ಮಾರುತ್ತಿರುತ್ತಾರೆ. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ತಿರುಗಿಸಿ ನೋಡದೆ ದುಡ್ಡು ಕೊಡಬೇಡಿ.

ತಿಪಟೂರು_ಹುಡುಗ (ಬೆಂಗಳೂರು)

ಬಹಳ ಧನ್ಯವಾದ. ಇವತ್ತು ಸಂಜೆ ನೋಡಿದೆ. ಎಡಗಡೆ ಮುಂದಿನ ಚಕ್ರ ಬಲಗಡೆಗಿಂತ ತುಂಬಾ ಬಿಸಿ ಇದೆ! ಬಾನೆಟ್ ಒತ್ತಿದರೆ ಮೂರು ಸಲ ಕುಣಿಯುತ್ತದೆ. ಟೈರ್ 2017ರವು. ಬ್ರೇಕ್ ಆಯಿಲ್ ಬದಲಾಯಿಸಿದ ನೆನಪು ಅಪ್ಪನಿಗೂ ಇಲ್ಲ.

ಆದರೂ ಕೇಳುತ್ತೇನೆ. ಇದೆಲ್ಲ ಸರಿ ಮಾಡಿಸಿದ ಮೇಲೆ ಫಿಲ್ಟರ್, ಸೈಲೆನ್ಸರ್, ರಿಮ್ಯಾಪ್ ಮೂರೂ ಸೇರಿ ಒಂದು 20 ಬಿಎಚ್‌ಪಿ (ಎಂಜಿನ್ ಶಕ್ತಿಯ ಅಳತೆ) ಬರುತ್ತದೆ ಅಂತ ಒಂದು ಅಂಗಡಿಯಲ್ಲಿ ಹೇಳಿದರು. ನಿಜವಾ?

ಅಳತೆಪಟ್ಟಿ (ಮೈಸೂರು)

ಇಲ್ಲ. ನಿಮ್ಮ 1.2 ಎಂಜಿನ್‌ಗೆ ಟರ್ಬೊ, ಅಂದರೆ ಗಾಳಿ ಒತ್ತಿ ತುಂಬುವ ಪಂಪ್, ಇಲ್ಲ. ಸಿಲಿಂಡರ್ ತನ್ನಷ್ಟಕ್ಕೆ ಎಷ್ಟು ಗಾಳಿ ಎಳೆಯುತ್ತದೋ ಅಷ್ಟೇ. ಗಾಳಿ ಹೆಚ್ಚಾಗದೆ ಪೆಟ್ರೋಲ್ ಹೆಚ್ಚು ಹಾಕಿ ಪ್ರಯೋಜನ ಇಲ್ಲ. ಕಂಪನಿಯವರು 1197 ಸಿಸಿಯಲ್ಲಿ 87 ಪಿಎಸ್ (ಹೆಚ್ಚು ಕಡಿಮೆ ಬಿಎಚ್‌ಪಿಯಷ್ಟೇ) ಆಗಲೇ ತೆಗೆದಿದ್ದಾರೆ. ರಿಮ್ಯಾಪ್‌ನಿಂದ ಸಿಗುವುದು ಬೆರಳಲ್ಲಿ ಎಣಿಸುವಷ್ಟು ಬಿಎಚ್‌ಪಿ. ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಚುರುಕಾಗಿ ಮಾಡಿಸುತ್ತಾರೆ, ಅದಕ್ಕೆ ಪಿಕಪ್ ಜಾಸ್ತಿ ಆದಂತೆ ಅನಿಸುತ್ತದೆ.

ದಪ್ಪ ಪೈಪಿನ ಸೈಲೆನ್ಸರ್ ಹಾಕಿದರೆ ಕೆಳಗಿನ ಆರ್‌ಪಿಎಮ್‌ನಲ್ಲಿ (ಎಂಜಿನ್ ನಿಧಾನ ತಿರುಗುವಾಗ) ಎಳೆತ ಇನ್ನೂ ಕಡಿಮೆ ಆಗಬಹುದು. ಟ್ರಾಫಿಕ್‌ನಲ್ಲಿ ನಾವು ಓಡಿಸುವುದೇ ಅಲ್ಲಿ. ನಿಮ್ಮ ಎಂಜಿನ್‌ನ ಪೂರ್ತಿ ಟಾರ್ಕ್ (ತಿರುಗಿಸುವ ಬಲ), ಅಂದರೆ 114 ಎನ್‌ಎಮ್, ಬರುವುದು 4000 ಆರ್‌ಪಿಎಮ್‌ನಲ್ಲಿ. ಓವರ್‌ಟೇಕ್‌ಗೆ ಒಂದು ಗೇರ್ ಇಳಿಸಿ ಆ ಜಾಗಕ್ಕೆ ತನ್ನಿ. ಆ ಎಂಜಿನ್‌ಗೆ ಮೇಲೆ ತಿರುಗುವುದು ಇಷ್ಟ, ಹೆದರಬೇಡಿ.

ಬೆಣ್ಣೆದೋಸೆ_ಡೀಸೆಲ್ (ದಾವಣಗೆರೆ)

ಟರ್ಬೊ ಇದ್ದರೆ ಕಥೆ ಬೇರೆ ಗುರು. ನನ್ನದು 2014ರ ಸ್ವಿಫ್ಟ್ ಡೀಸೆಲ್. 1248 ಸಿಸಿ, 75 ಪಿಎಸ್, 190 ಎನ್‌ಎಮ್. ಇದೇ ಎಂಜಿನ್‌ಗೆ ಬೇರೆ ಥರದ ಟರ್ಬೊ ಹಾಕಿ ಎರ್ಟಿಗಾದಲ್ಲಿ 90 ಪಿಎಸ್ ಕೊಡುತ್ತಿದ್ದರು. ಅಂದರೆ ಒಳಗೆ ಸ್ವಲ್ಪ ಜಾಗ ಇದೆ ಅಂತ ಕಂಪನಿಯೇ ತೋರಿಸಿದ ಹಾಗೆ.

ನಾನು ರಿಮ್ಯಾಪ್ ಮಾಡಿಸಿದೆ. ವ್ಯತ್ಯಾಸ ಸುಳ್ಳಲ್ಲ. ಹರಿಹರದ ಕಡೆಗೆ ಮೂರನೇ ಗೇರ್‌ನಲ್ಲಿ ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಆರು ತಿಂಗಳಿಗೆ ಕ್ಲಚ್ ಜಾರತೊಡಗಿತು. ಆರ್‌ಪಿಎಮ್ ಏರುತ್ತಿತ್ತು, ಕಾರು ಏರುತ್ತಿರಲಿಲ್ಲ. 80,000 ಕಿ.ಮೀ. ಓಡಿದ ಹಳೇ ಕ್ಲಚ್, ಅದರ ಮೇಲೆ ಹೊಸ ಟಾರ್ಕ್. ಮಾಡಿಸಿದವರು ಕ್ಲಚ್ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ರಿಮ್ಯಾಪ್ ಮಾಡಿಸುವವರು ಕ್ಲಚ್ ದುಡ್ಡನ್ನೂ ಪಕ್ಕಕ್ಕೆ ಇಟ್ಟುಕೊಳ್ಳಿ.

ಟ್ಯೂನಿಂಗ್ ಬಾಕ್ಸ್ ಅಂತ ಅಗ್ಗಕ್ಕೆ ಸಿಗುತ್ತದೆ. ಅದು ಡೀಸೆಲ್ ಒತ್ತಡ ಅಳೆಯುವ ರೈಲ್ ಪ್ರೆಶರ್ ಸೆನ್ಸರ್‌ನ ಲೆಕ್ಕ ತಿರುಚಿ, ಎಂಜಿನ್ ಕಂಪ್ಯೂಟರ್‌ಗೆ ಸುಳ್ಳು ಹೇಳಿ ಡೀಸೆಲ್ ಜಾಸ್ತಿ ಹಾಕಿಸುವ ಡಬ್ಬಿ. ದಯವಿಟ್ಟು ಅದರ ತಂಟೆಗೆ ಹೋಗಬೇಡಿ.

ಚಾರ್ಮಾಡಿ_ತಿರುವು (ಉಜಿರೆ)

ಎಲ್ಲರೂ ಓಡುವ ಮಾತಾಡುತ್ತಿದ್ದೀರಿ. ನಿಲ್ಲುವ ಮಾತು ನಾನು ಹೇಳುತ್ತೇನೆ.

ಮೂರು ವರ್ಷದ ಹಿಂದೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುತ್ತಿದ್ದೆ. ಕಾರಿನಲ್ಲಿ ನಾನು, ಹೆಂಡತಿ, ಅತ್ತೆ ಮಾವ, ಡಿಕ್ಕಿ ತುಂಬಾ ಸಾಮಾನು. ನಾನು ದಪ್ಪ ಟೈರ್ ಹಾಕಿಸಿದ್ದೆ, ಸೈಲೆನ್ಸರ್ ಹಾಕಿಸಿದ್ದೆ. ಬ್ರೇಕ್ ಆಯಿಲ್ ಐದು ವರ್ಷದ್ದು. ಮಳೆ ನಿಂತಿತ್ತು, ಮಂಜು ಇತ್ತು. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಪೆಡಲ್ ಮೆತ್ತಗಾಯಿತು. ಇನ್ನೊಂದು ತಿರುವಿಗೆ ಪೆಡಲ್ ನೆಲಕ್ಕೆ ಹೋಯಿತು. ಎರಡನೇ ಗೇರ್, ಮೊದಲನೇ ಗೇರ್, ಹ್ಯಾಂಡ್ ಬ್ರೇಕ್, ಎಡಗಡೆ ಮಣ್ಣಿನ ದಿಬ್ಬ. ಹೇಗೋ ನಿಂತೆವು. ಅತ್ತೆ ಅರ್ಧ ಗಂಟೆ ಮಾತೇ ಆಡಲಿಲ್ಲ. ಆ ದಿನ ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ಏನಾಗಿತ್ತು ಅಂದರೆ, ಬ್ರೇಕ್ ಆಯಿಲ್ ಗಾಳಿಯ ನೀರಿನ ಪಸೆ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ನೀರು ಹೀರಿದ ಮೇಲೆ 140 ಡಿಗ್ರಿ ಸಾಕು. ಘಾಟಿಯಲ್ಲಿ ಸುಮ್ನೆ ಬ್ರೇಕ್ ಮೇಲೆ ಕಾಲಿಟ್ಟು ಇಳಿದರೆ ಅಷ್ಟು ಬಿಸಿ ಬೇಗ ಬರುತ್ತದೆ. ಕುದಿದರೆ ಪೈಪ್‌ನಲ್ಲಿ ಆವಿ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ ಅಷ್ಟೇ, ಬ್ರೇಕ್ ಹಿಡಿಯುವುದಿಲ್ಲ.

ಡಾಟ್ 4 ಹಾಕಿಸಿ. ಅದು 230, ನೀರು ಹೀರಿದ ಮೇಲೂ 155. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಇಳಿಯುವಾಗ ಹತ್ತಿದ ಗೇರ್‌ನಲ್ಲೇ ಇಳಿಯಿರಿ.

ವೇಗ 80ರಿಂದ 100 ಆದರೆ ನಿಲ್ಲಲು ಬೇಕಾದ ದೂರ ಕಾಲು ಭಾಗ ಹೆಚ್ಚುತ್ತದೆ ಅಂದುಕೊಳ್ಳುತ್ತೇವೆ. ಅಲ್ಲ, ಅರ್ಧಕ್ಕಿಂತ ಜಾಸ್ತಿ ಹೆಚ್ಚುತ್ತದೆ. ವೇಗದ ವರ್ಗದ ಲೆಕ್ಕ ಅದು. ನಿಮ್ಮ ಕಾರಿಗೆ ಎಬಿಎಸ್ ಕೂಡ ಇಲ್ಲ. 2017ರ ಗಟ್ಟಿಯಾದ ಟೈರ್‌ನಲ್ಲಿ ಮಳೆಗಾಲ ಕಳೆಯಬೇಡಿ ತಮ್ಮಾ.

ಗ್ಯಾರೇಜ್_ಮಗ (ಹಾಸನ)

ತಿರುವು ಅವರ ಮಾತನ್ನು ಎಲ್ಲರೂ ಎರಡು ಸಲ ಓದಿ. ಶಿರಾಡಿ ಇಳಿದು ಹೊಗೆ ಬರಿಸಿಕೊಂಡು ನಿಂತ ಕಾರುಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಕಪ್ಪುಕೋಟು (ಹುಬ್ಬಳ್ಳಿ)

ಕಾನೂನಿನ ಮಾತು ಯಾರಾದರೂ ಹೇಳಲೇಬೇಕಲ್ಲ, ನಾನು ಹೇಳ್ತೀನಿ ರೀ.

1988ರ ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ, ಆರ್‌ಸಿಯಲ್ಲಿ ಇರುವ ವಿವರ ಮತ್ತು ತಯಾರಕರು ಮೂಲತಃ ಹೇಳಿದ ವಿವರ ಬೇರೆ ಆಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಕಲಂ 182ಎ ಬಂತು. ಅನುಮತಿ ಇಲ್ಲದ ಬದಲಾವಣೆ ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. "ಒಂದೊಂದಕ್ಕೂ" ಅನ್ನುವುದನ್ನು ಗಮನಿಸಿ.

ನಿಮ್ಮ ಪಟ್ಟಿಗೆ ಬರೋಣ. ಬಣ್ಣ ಬದಲಾದರೆ ಆರ್‌ಸಿಯಲ್ಲಿ ತಿದ್ದುಪಡಿ ಬೇಕು. ರೂಫ್ ಕಪ್ಪು ಮಾಡುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಯಲ್ಲೇ ಕೇಳಿ. ಸೈಲೆನ್ಸರ್ ಸದ್ದು ಮಾಡಿದರೆ ಕಲಂ 190, ಅಲ್ಲಿ ದಂಡ 10,000 ರೂಪಾಯಿವರೆಗೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದುಹಾಕುವ ಅಂಗಡಿಯಿಂದ ದೂರ ಇರಿ, ಎಮಿಷನ್ ಟೆಸ್ಟ್‌ನಲ್ಲೇ ಸಿಕ್ಕಿಬೀಳುತ್ತೀರಿ. ಮುಂದೆ ಕಬ್ಬಿಣದ ಗಾರ್ಡ್ ಹಾಕುವ ಆಲೋಚನೆ ಇದ್ದರೆ ಬಿಡಿ, ಅದನ್ನು 2017ರಲ್ಲೇ ಬೇಡ ಅಂದಿದ್ದಾರೆ. ಅಪಘಾತದಲ್ಲಿ ಮುಂಭಾಗ ಮಡಚಿಕೊಂಡು ಏಟು ಹೀರಬೇಕು, ಗಾರ್ಡ್ ಅದನ್ನು ತಡೆಯುತ್ತದೆ. ನಡೆದು ಹೋಗುವವರಿಗೂ ಅಪಾಯ.

ಜನ ಮರೆಯುವುದು ವಿಮೆ. ಹೇಳದೆ ಮಾಡಿಸಿದ ಬದಲಾವಣೆ ಕ್ಲೇಮ್ ಹೊತ್ತಿನಲ್ಲಿ ತೊಂದರೆ ಕೊಡುತ್ತದೆ. ಅಲಾಯ್, ಮ್ಯೂಸಿಕ್ ಸಿಸ್ಟಮ್ ಮುಂತಾದವನ್ನು ಬಿಲ್ ಸಮೇತ ವಿಮೆಯವರಿಗೆ ತಿಳಿಸಿ. ವಿದ್ಯುತ್ ಸಾಮಾನಿಗೆ ಸಾಮಾನ್ಯವಾಗಿ ಅದರ ಬೆಲೆಯ ಶೇ. 4ರಷ್ಟು ಪ್ರೀಮಿಯಂ ಸೇರಿಸುತ್ತಾರೆ. ದೊಡ್ಡ ಮೊತ್ತ ಅಲ್ಲ.

ಇನ್ನೊಂದು ಮಾತು. 2013ರ ಕಾರಿಗೆ 2028ಕ್ಕೆ ಹದಿನೈದು ವರ್ಷ. ಆಗ ಮರುನೋಂದಣಿಗೆ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಲೇಬೇಕು. ಈ ಕಾರನ್ನು ಇಟ್ಟುಕೊಳ್ಳುವ ಮನಸ್ಸಿದ್ದರೆ ಇವತ್ತು ಮಾಡಿಸುವ ಪ್ರತಿ ಕೆಲಸವನ್ನೂ ಆ ದಿನ ನೆನೆದುಕೊಂಡು ಮಾಡಿಸಿ.

ಮ್ಯೂನಿಕ್_ಕನ್ನಡಿಗ (ಜರ್ಮನಿ)

ಇಲ್ಲಿಯ ಪದ್ಧತಿ ಒಂದು ಮಾತು ಹೇಳುತ್ತೇನೆ. ಇಲ್ಲಿ ಮಾಡಿಫಿಕೇಶನ್ ಹುಚ್ಚು ನಮಗಿಂತ ಜಾಸ್ತಿ ಇದೆ. ಆದರೆ ಒಂದು ಅಲಾಯ್ ಕೊಂಡರೂ ಜೊತೆಗೆ ಕಾಗದ ಬರುತ್ತದೆ. ಈ ರಿಮ್ ಯಾವ ಕಾರಿಗೆ, ಯಾವ ಅಳತೆಯ ಟೈರ್ ಜೊತೆ, ಯಾವ ಷರತ್ತಿನ ಮೇಲೆ ಅಂತ ಅದರಲ್ಲಿ ಬರೆದಿರುತ್ತದೆ. ಬೇಕಾದ ಕಡೆ ಟ್ಯೂಫ್ ಥರದ ತಪಾಸಣಾ ಸಂಸ್ಥೆಗೆ ಹೋಗಿ ತೋರಿಸಬೇಕು. ಅವರು ನೋಡಿ ಒಪ್ಪಿದರೆ ವಾಹನದ ಕಾಗದದಲ್ಲಿ ಸೇರುತ್ತದೆ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ತಪಾಸಣೆ ಇರುವುದರಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ.

ನಮ್ಮಲ್ಲೂ ಹೀಗೆ ಒಂದು ದಾರಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಅಚ್ಚುಕಟ್ಟಾಗಿ ಮಾಡುವವನಿಗೂ ಕದ್ದು ಮಾಡುವವನಿಗೂ ವ್ಯತ್ಯಾಸ ಕಾಣುತ್ತಿತ್ತು. ಅದಿಲ್ಲದ ಕಡೆ, ಅದೇ ಕಾರಿನ ಮೇಲಿನ ವೇರಿಯಂಟ್‌ನ ಸಾಮಾನು ಹಾಕುವುದು ನನಗೆ ಜಾಣ ದಾರಿ ಅನಿಸುತ್ತದೆ. ತಯಾರಕರೇ ಅಳೆದು ನೋಡಿ ಒಪ್ಪಿದ ಸಾಮಾನು ಅದು.

ತುಂಗಾತೀರ (ಶಿವಮೊಗ್ಗ)

ಹೆಡ್‌ಲೈಟ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಾನು ದಿನಾ ತೀರ್ಥಹಳ್ಳಿ ರಸ್ತೆಯಲ್ಲಿ ರಾತ್ರಿ ವಾಪಸ್ ಬರುವವಳು. ಎದುರಿಗೆ ಬಿಳಿ ಎಲ್‌ಇಡಿ ಹಾಕಿಸಿಕೊಂಡ ಹಳೇ ಕಾರು ಬಂದರೆ ಎರಡು ಕ್ಷಣ ಏನೂ ಕಾಣುವುದಿಲ್ಲ. ಆ ಎರಡು ಕ್ಷಣದಲ್ಲಿ ರಸ್ತೆ ಪಕ್ಕ ಸೈಕಲ್ ಇರುತ್ತದೆ, ದನ ಇರುತ್ತದೆ. ನಿಮ್ಮ ತಂದೆಯವರು ರಾತ್ರಿ ಓಡಿಸುವುದು ಬಿಟ್ಟಿದ್ದೇ ಎದುರಿನ ಲೈಟ್‌ನಿಂದ ಅಂತ ನೀವೇ ಬರೆದಿದ್ದೀರಿ ಅಲ್ವಾ?

ಸ್ವಿಫ್ಟ್‌ನ ಹೆಡ್‌ಲೈಟ್ ರಿಫ್ಲೆಕ್ಟರ್ ಮಾಡಿರುವುದು ಹ್ಯಾಲೊಜನ್ ಬಲ್ಬ್‌ನ ತಂತಿ ಎಲ್ಲಿ ಹೊಳೆಯುತ್ತದೋ ಆ ಜಾಗಕ್ಕೆ. ಅಲ್ಲಿ ಬೇರೆ ಆಕಾರದ ಎಲ್‌ಇಡಿ ಇಟ್ಟರೆ ಬೆಳಕು ರಸ್ತೆಗೆ ಬೀಳುವ ಬದಲು ಎಲ್ಲೆಲ್ಲೋ ಚೆಲ್ಲುತ್ತದೆ. ಹಾಕಿಸಿಕೊಂಡವರಿಗೆ ಹತ್ತಿರ ಬೆಳ್ಳಗೆ ಕಾಣುತ್ತದೆ, ದೂರ ಕಾಣುವುದಿಲ್ಲ.

100/90 ವ್ಯಾಟ್ ಬಲ್ಬ್ ಕೂಡ ಬೇಡ. ರಸ್ತೆಗೆ ಒಪ್ಪಿಗೆ ಇರುವ ಎಚ್4 ಬಲ್ಬ್ 60/55 ವ್ಯಾಟ್‌ದು, ಮೊದಲನೆಯದು ಹೈ ಬೀಮ್, ಎರಡನೆಯದು ಲೋ ಬೀಮ್. ಹೈ ಬೀಮ್‌ನಲ್ಲಿ ಒಂದೊಂದು ಬಲ್ಬ್ 5 ಆಂಪ್ ಎಳೆಯುವ ಕಡೆ 100 ವ್ಯಾಟ್‌ದು 8 ಆಂಪ್ ದಾಟುತ್ತದೆ. ನಮ್ಮ ವ್ಯಾಗನಾರ್‌ಗೆ ಹಾಕಿಸಿದ್ದೆವು. ಅಂಗಡಿಯವರು ರಿಲೇ (ದೊಡ್ಡ ಕರೆಂಟ್ ಹೊರುವ ಸ್ವಿಚ್) ಹಾಕದೆ, ಕಂಪನಿ ವೈರ್ ಕತ್ತರಿಸಿ ಟೇಪ್ ಸುತ್ತಿದ್ದರು. ಒಂದು ರಾತ್ರಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಎರಡೂ ಲೈಟ್ ಆರಿಹೋಯಿತು. ಕಪ್ಪು ಕತ್ತಲೆ, ಪಕ್ಕದಲ್ಲಿ ಕಾಡು, ಹಿಂದಿನ ಸೀಟಿನಲ್ಲಿ ಮಗಳು.

ಆಮೇಲೆ ಇಲ್ಲೊಬ್ಬ ಎಲೆಕ್ಟ್ರಿಷಿಯನ್ ಹೇಳಿಕೊಟ್ಟದ್ದು ಇದು. ಹಳೇ ಕಾರಿನಲ್ಲಿ ಸ್ವಿಚ್, ತೆಳು ವೈರ್ ದಾಟಿ ಬಲ್ಬ್‌ಗೆ ಹೋಗುವಷ್ಟರಲ್ಲಿ ವೋಲ್ಟೇಜ್ ಇಳಿದಿರುತ್ತದೆ. ಹ್ಯಾಲೊಜನ್‌ಗೆ ಶೇ. 10 ವೋಲ್ಟೇಜ್ ಕಡಿಮೆ ಆದರೆ ಬೆಳಕು ಸುಮಾರು ಶೇ. 30 ಕಡಿಮೆ ಆಗುತ್ತದೆ. ಬ್ಯಾಟರಿಯಿಂದ ನೇರ ದಪ್ಪ ವೈರ್, ಫ್ಯೂಸ್, ರಿಲೇ ಹಾಕಿ, ಕಂಪನಿ ಕನೆಕ್ಟರ್‌ಗೆ ಸಿಕ್ಕಿಸುವ ರೆಡಿ ಸೆಟ್ ಸಿಗುತ್ತದೆ. ಒಂದು ವೈರ್ ಕೂಡ ಕತ್ತರಿಸಬೇಕಾಗಿಲ್ಲ. ಬಲ್ಬ್ ಅದೇ 60/55. ಜೊತೆಗೆ ಹಳದಿಯಾದ ಹೆಡ್‌ಲೈಟ್ ಗಾಜನ್ನು ಪಾಲಿಶ್ ಮಾಡಿಸಿ, ಗೋಡೆಗೆ ಬೆಳಕು ಬಿಟ್ಟು ಎತ್ತರ ಸರಿ ಮಾಡಿಸಿ. ನಿಮಗೂ ಕಾಣುತ್ತದೆ, ಎದುರಿಗೆ ಬರುವವರಿಗೂ ಕಾಣುತ್ತದೆ.

ತಿಪಟೂರು_ಹುಡುಗ (ಬೆಂಗಳೂರು)

ಮೇಡಂ, ಅಪ್ಪನ ಕಣ್ಣಿನ ಮಾತು ನಾನೇ ಬರೆದು, ಎಲ್‌ಇಡಿ ಆಸೆಯನ್ನೂ ನಾನೇ ಬರೆದಿದ್ದೆ. ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಎಲ್‌ಇಡಿ ಬೇಡ.

ಕೆಳಗಿಳಿಸುವ ಸ್ಪ್ರಿಂಗ್ ಬಗ್ಗೆ ಒಂದು ಮಾತು ಹೇಳಿ. ಅದೊಂದು ಆಸೆ ಇನ್ನೂ ಇದೆ.

ಗ್ಯಾರೇಜ್_ಮಗ (ಹಾಸನ)

ನಿಮ್ಮ ಕಾರಿನ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಜಾಗ) 170 ಮಿ.ಮೀ., ಅದೂ ಖಾಲಿ ಇದ್ದಾಗ. ನಾಲ್ಕು ಜನ ಕೂತರೆ ಎಷ್ಟು ಉಳಿಯುತ್ತದೆ? ಅದರಲ್ಲಿ ಆ ಸ್ಪ್ರಿಂಗ್ ಇಳಿಸುವ 35 ಕಳೆಯಿರಿ. ನಿಮ್ಮೂರ ತೋಟದ ದಾರಿ ನೆನೆಸಿಕೊಳ್ಳಿ. ಸ್ಪ್ರಿಂಗ್ ಗಿಡ್ಡ ಆದರೆ ಹಳೇ ಶಾಕ್ ಅಬ್ಸಾರ್ಬರ್ ಕೂಡ ಬೇಗ ಹೋಗುತ್ತದೆ. ಸ್ಪ್ರಿಂಗನ್ನು ಕಟ್ ಮಾಡಿ ಕೊಡುತ್ತೇವೆ ಅನ್ನುವವರೂ ಇದ್ದಾರೆ, ಅದಂತೂ ಯಾವತ್ತೂ ಬೇಡ.

ಕಾರು ತಿರುವಿನಲ್ಲಿ ವಾಲುತ್ತದೆ ಅಂತ ಕೆಳಗಿಳಿಸುತ್ತಾರೆ. ಹೊಸ ಶಾಕ್, ಹೊಸ ಬುಷ್, ಒಳ್ಳೆ ಟೈರ್ ಹಾಕಿ ಒಂದು ತಿಂಗಳು ಓಡಿಸಿ. ಆಮೇಲೂ ಬೇಕು ಅನಿಸಿದರೆ ನನ್ನನ್ನು ಕೇಳಿ.

ತಿಪಟೂರು_ಹುಡುಗ (ಬೆಂಗಳೂರು)

ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು, ಕ್ಷಮಿಸಿ. ಮಾಡಿಸಿದ್ದೆಲ್ಲ ಲೆಕ್ಕ ಸಮೇತ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ.

ಮೊದಲು ಬ್ರೇಕ್. ಎಡಗಡೆ ಕ್ಯಾಲಿಪರ್ ಪಿನ್ ಪೂರ್ತಿ ತುಕ್ಕು ಹಿಡಿದು ಜಾಮ್ ಆಗಿತ್ತು. ಒಳಗಿನ ಪ್ಯಾಡ್ ಕಾಗದದಷ್ಟು ತೆಳುವಾಗಿತ್ತು, ಹೊರಗಿನದು ಅರ್ಧ ಇತ್ತು. ಪಿನ್, ಪ್ಯಾಡ್, ಹಿಂದಿನ ಶೂ, ಡಾಟ್ 4 ಆಯಿಲ್ ಸೇರಿ 6,500 ರೂಪಾಯಿ. ತೆಗೆದ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು. ಇದೇ ಬ್ರೇಕ್‌ನಲ್ಲಿ ನಾನು ಅಪ್ಪ ಅಮ್ಮನನ್ನು ಶೃಂಗೇರಿಗೆ ಕರೆದುಕೊಂಡು ಹೋಗಿದ್ದೆ.

ಪ್ಲಗ್, ಏರ್ ಫಿಲ್ಟರ್ (ಕಂಪನಿಯದೇ), ಥ್ರಾಟಲ್ ಬಾಡಿ ಕ್ಲೀನಿಂಗ್, ಎಂಜಿನ್ ಆಯಿಲ್, 5,500. ಇಷ್ಟಕ್ಕೇ ಪಿಕಪ್ ವಾಪಸ್ ಬಂತು. ಹೆಬ್ಬಾಳ ಮೇಲ್ಸೇತುವೆ ಏರುವಾಗ ಮೊದಲು ಮೂರನೇ ಗೇರ್‌ಗೆ ಇಳಿಸುತ್ತಿದ್ದೆ. ಈಗ ನಾಲ್ಕರಲ್ಲೇ ಏರುತ್ತದೆ. ಸೈಲೆನ್ಸರ್, ರಿಮ್ಯಾಪ್ ಎರಡನ್ನೂ ಪಟ್ಟಿಯಿಂದ ತೆಗೆದೆ.

ನಾಲ್ಕು ಶಾಕ್, ಲೋವರ್ ಆರ್ಮ್ ಬುಷ್, ಲಿಂಕ್ ರಾಡ್, ಎರಡು ಎಂಜಿನ್ ಮೌಂಟ್, ಅಲೈನ್‌ಮೆಂಟ್, ಕೂಲಿ ಸೇರಿ 24,000. ಚಕ್ರ ಬಿಟ್ಟರೆ ಅತಿ ದೊಡ್ಡ ಖರ್ಚು ಇದೇ. ಅತಿ ದೊಡ್ಡ ವ್ಯತ್ಯಾಸವೂ ಇದೇ. ಸ್ಪ್ರಿಂಗ್ ಆಸೆ ಒಂದು ವಾರದಲ್ಲಿ ಹೋಯಿತು.

ಹೆಡ್‌ಲೈಟ್ ರಿಲೇ ಸೆಟ್, ಪಾಲಿಶ್, ಹೊಸ ಬಲ್ಬ್, 4,200. ಮುಂದಿನ ಬಂಪರ್‌ನಲ್ಲಿ ಮುಚ್ಚಿಟ್ಟ ಜಾಗಕ್ಕೆ ಫಾಗ್ ಲ್ಯಾಂಪ್, 3,800. ಗೀರು ಬಿದ್ದ ಎರಡೂ ಬಂಪರ್‌ಗೆ ಅದೇ ಬಣ್ಣದ ಪೇಂಟ್, 8,000. ರೂಫ್ ಕಪ್ಪು ಮಾಡಿಸಲಿಲ್ಲ. ಅಪ್ಪನನ್ನು ಕೇಳಿದೆ. "ಬಣ್ಣ ಮಾತ್ರ ಮುಟ್ಟಬೇಡಪ್ಪ" ಅಂದರು. ಅದನ್ನು ಆರಿಸಿದ್ದು ಅಮ್ಮ.

ಕೊನೆಗೆ ಚಕ್ರ. ಝಡ್‌ಎಕ್ಸ್ಐ ಅಲಾಯ್ ನಾಲ್ಕು, ಸೆಕೆಂಡ್ ಹ್ಯಾಂಡ್, 14,000. ಒಂದು ರಿಮ್ ಯಂತ್ರದ ಮೇಲೆ ಅಲ್ಲಾಡಿತು, ಮಾರುವವರು ಬೇರೆ ಕೊಟ್ಟರು. ಹೊಸ 185/65 ಆರ್15 ಟೈರ್ 20,000. ಹೋದ ಶನಿವಾರ ಹಾಕಿಸಿದ್ದು. ಅದರಲ್ಲಿ ಊರಿಗೆ ಹೋಗಿ ಬಂದೆ. ಒಟ್ಟು 86,000. ವಿಮೆಯವರಿಗೆ ಬಿಲ್ ಕಳಿಸಿದ್ದೇನೆ.

ತುಂಗಾತೀರ (ಶಿವಮೊಗ್ಗ)

ಓದಿ ತುಂಬಾ ಖುಷಿಯಾಯಿತು. ಅಪ್ಪ ಓಡಿಸಿ ನೋಡಿದರಾ? ಮೈಲೇಜ್ ಹೇಗಿದೆ?

ತಿಪಟೂರು_ಹುಡುಗ (ಬೆಂಗಳೂರು)

ಓಡಿಸಿದರು ಮೇಡಂ. ಬೆಳಿಗ್ಗೆ ಹೊತ್ತಿನಲ್ಲಿ ತಿಪಟೂರಿನಿಂದ ಅರಸೀಕೆರೆವರೆಗೆ. ರೈಲ್ವೆ ಗೇಟ್ ದಾಟುವಾಗ ಯಾವ ಸದ್ದೂ ಬರಲಿಲ್ಲ ಅಂತ ಕಿಟಕಿ ಇಳಿಸಿ ಕಿವಿ ಕೊಟ್ಟು ಕೇಳಿದರು. ಮೈಲೇಜ್ ಇನ್ನೂ ಎರಡು ಟ್ಯಾಂಕ್ ಓಡಿಸಿ ಹೇಳುತ್ತೇನೆ.

ಒಂದು ಅನುಮಾನ ಉಳಿದಿದೆ. ಸ್ಪೇರ್ ಇನ್ನೂ ಹಳೇ 14 ಇಂಚಿನ ಕಬ್ಬಿಣದ್ದೇ. ನಡೆಯುತ್ತದಾ?

ಅಳತೆಪಟ್ಟಿ (ಮೈಸೂರು)

ನಡೆಯುತ್ತದೆ. 620ಕ್ಕೂ 621.5ಕ್ಕೂ ವ್ಯತ್ಯಾಸ ಏನೂ ಇಲ್ಲ. ಆದರೆ ಆ ಟೈರ್ ಕೂಡ ಹಳೆಯದು. ಪಂಕ್ಚರ್ ಅಂಗಡಿವರೆಗೆ ನಿಧಾನವಾಗಿ ಹೋಗಲು ಮಾತ್ರ ಬಳಸಿ. ಅಲಾಯ್‌ಗೆ ಹಾಕಿದ ನಟ್ ಕಬ್ಬಿಣದ ರಿಮ್‌ಗೂ ಸರಿಯಾಗಿ ಕೂರುತ್ತದೆಯೇ ಅಂತ ಮನೆ ಮುಂದೆಯೇ ಒಮ್ಮೆ ಹಾಕಿ ನೋಡಿ. ಹೆದ್ದಾರಿಯಲ್ಲಿ ಗೊತ್ತಾಗುವುದು ಬೇಡ.

ಗ್ಯಾರೇಜ್_ಮಗ (ಹಾಸನ)

ಅಲಾಯ್ ಹಾಕಿಸಿ ಊರಿಗೆ ಹೋಗಿ ಬಂದೆ ಅಂದಿರಿ. ಮೊದಲ 100 ಕಿ.ಮೀ. ಆದ ಮೇಲೆ ನಟ್ ಇನ್ನೊಮ್ಮೆ ಬಿಗಿ ಮಾಡಿಸಿದಿರಾ? ನಟ್ ಬಿಗಿಯುವ ಗನ್ ಹಿಡಿಸಬೇಡಿ. ಎಷ್ಟು ಬಿಗಿ ಅಂತ ತೋರಿಸುವ ಟಾರ್ಕ್ ರೆಂಚ್‌ನಲ್ಲಿ, ಕಾರಿನ ಪುಸ್ತಕದಲ್ಲಿ ಹೇಳಿದಷ್ಟು.

ತಿಪಟೂರು_ಹುಡುಗ (ಬೆಂಗಳೂರು)

ಮಾಡಿಸಿರಲಿಲ್ಲ ಅಣ್ಣ. ನಿಮ್ಮ ಮಾತು ಓದಿ ಈಗಷ್ಟೇ ಹೋಗಿ ಬಂದೆ. ಹಿಂದಿನ ಬಲಗಡೆ ಎರಡು ನಟ್ ಕಾಲು ಸುತ್ತು ತಿರುಗಿದವು.